ಎರಡು ಮಿಸ್ ಕಾಲಿಗೆ ನಾನು ಕರೆಂಟ್ ಕೊಡಲಿಲ್ಲ

"ಹೆಂಗಿದ್ರೂ ನಿಮ್ಮ ಹಬ್ಬ ಅಲ್ವಲ್ಲ, ಡ್ಯೂಟಿ ನೀನೇ ಮಾಡಿಬಿಡು." ಈ ಮಾತಿನ ಮೇಲೆ ನನಗಿರುವ ಸಿಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಮತಿ ಕಡೆಯ ಒಂದು ಸಣ್ಣ ವಿದ್ಯುತ್ ಉಪಕೇಂದ್ರದಲ್ಲಿ ನಾನು ಪಾಳಿಯ ಆಪರೇಟರ್ ಆಗಿದ್ದೆ. ಗುತ್ತಿಗೆ ನೌಕರಿ. ಪಾಳಿಗೊಬ್ಬರಂತೆ ಇದ್ದ ನಮ್ಮಲ್ಲಿ ಕ್ರಿಶ್ಚಿಯನ್ ನಾನೊಬ್ಬನೇ. ಹಾಗಾಗಿ ಯುಗಾದಿಯೂ ನನ್ನ ಪಾಳಿ, ದೀಪಾವಳಿಯೂ ನನ್ನ ಪಾಳಿ. ಆಗುವುದಿಲ್ಲ ಅನ್ನುವ ಹಾಗಿಲ್ಲ. ಅಂದರೆ ಇವನಿಗೆ ನಮ್ಮ ಹಬ್ಬ ಕಂಡರೆ ಆಗುವುದಿಲ್ಲ ಅನ್ನುತ್ತಾರೆ. ಕ್ರಿಸ್‌ಮಸ್ ಬಂದಾಗ ಮಾತ್ರ ಲೆಕ್ಕ ಬೇರೆ. "ಬೆಳಿಗ್ಗೆ ಚರ್ಚ್ ಮುಗಿಸ್ಕಂಡು ಬಂದ್ಬಿಡು, ಕೇಕ್ ಇಲ್ಲೇ ತಿನ್ನಾಣ" ಅನ್ನುತ್ತಾರೆ. ಗುಡ್ ಫ್ರೈಡೇ ದಿನ ವಾಟ್ಸಾಪ್ ಗ್ರೂಪಿನಲ್ಲಿ 'ಹ್ಯಾಪಿ ಗುಡ್ ಫ್ರೈಡೇ' ಎಂದು ಗುಲಾಬಿ ಹೂವು ಹಾಕುವವರೂ ಇವರೇ. ಅದು ನಮ್ಮ ಸ್ವಾಮಿ ಸತ್ತ ದಿನ ಕಣ್ರಯ್ಯಾ ಎಂದು ಹೇಳಿ ಹೇಳಿ ಸಾಕಾಗಿ ನಾನೂ ಈಗ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತೇನೆ.

ಅದು ಗಣಪತಿ ಹಬ್ಬ ಕಳೆದ ಮೇಲಿನ ಭಾನುವಾರ. ಹೊನ್ನಾಳಿಯ ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಆರಾಧನೆಗೆ ಕೂತಿದ್ದೆ. ನಮ್ಮ ಮನೆ ಇರುವುದು ಚನ್ನಗಿರಿಯಲ್ಲಿ. ಕೆಲಸಕ್ಕಾಗಿ ನ್ಯಾಮತಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದೆ, ಭಾನುವಾರ ಬಿಡುವಿದ್ದರೆ ಬಸ್ಸು ಹತ್ತಿ ಹೊನ್ನಾಳಿಗೆ ಹೋಗುತ್ತಿದ್ದೆ. ಪಾಸ್ಟರ್ ಉಪದೇಶದ ಪ್ರಸಂಗ ಅರ್ಧಕ್ಕೆ ಬಂದಾಗ ಜೊತೆಯ ಆಪರೇಟರ್ ಫೋನ್ ಮಾಡಿದ. ಅವರ ಬೀದಿಯ ಗಣಪತಿಯನ್ನು ಅಂದು ನೀರಿಗೆ ಬಿಡುತ್ತಾರಂತೆ, ಮಧ್ಯಾಹ್ನದ ಅವನ ಪಾಳಿಗೆ ನಾನು ಬರಬೇಕಂತೆ. ಎದ್ದು ಹೊರಟೆ. ಪಾಸ್ಟರ್ ಪ್ರಸಂಗ ನಿಲ್ಲಿಸಲಿಲ್ಲ, ಆದರೆ ಬಾಗಿಲು ದಾಟುವವರೆಗೂ ಕಣ್ಣಿನಲ್ಲೇ ನನ್ನನ್ನು ಕಳಿಸಿಕೊಟ್ಟರು. ದೇವರ ದಿನ ಕೆಲಸಕ್ಕೆ ಹೋಗುವವರ ಬಗ್ಗೆ ಅವರಿಗೆ ಬೇಸರ. ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಬಾಯಿಯ ಮುಂದೆ ಮೈಕಿತ್ತು, ಕೀಬೋರ್ಡಿಗೆ ಕರೆಂಟಿತ್ತು. ಅದನ್ನು ಕಳಿಸಲು ಭಾನುವಾರವೂ ಎಲ್ಲೋ ಒಬ್ಬ ಪ್ಯಾನೆಲ್ ಮುಂದೆ ಕೂತಿರಬೇಕು ಎಂಬುದು ಆ ಹಾಲಿನಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ.

ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಲೈನ್ ಕ್ಲಿಯರ್. ಇದು ಗೊತ್ತಾಗದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ಹಳ್ಳಿಗಳಿಗೆ ಹೋಗುವ ಹನ್ನೊಂದು ಸಾವಿರ ವೋಲ್ಟಿನ ತಂತಿಯ ಮೇಲೆ ಲೈನ್‌ಮ್ಯಾನ್ ಕೆಲಸ ಮಾಡಬೇಕಾದರೆ ಮೊದಲು ನನ್ನಲ್ಲಿ ಲೈನ್ ಕ್ಲಿಯರ್ ಕೇಳುತ್ತಾನೆ. ನಾನು ಆ ತಂತಿಯ, ಅಂದರೆ ಫೀಡರಿನ, ಬ್ರೇಕರ್ ತೆಗೆಯುತ್ತೇನೆ, ಅದರ ಟ್ರಾಲಿಯನ್ನು ಹೊರಗೆ ಎಳೆಯುತ್ತೇನೆ, ಅಂಗಳಕ್ಕೆ ಹೋಗಿ ಐಸೋಲೇಟರ್ ಎಂಬ ದೊಡ್ಡ ಸ್ವಿಚ್ಚನ್ನು ಬಿಚ್ಚುತ್ತೇನೆ, ಉದ್ದನೆಯ ಕೋಲಿನ ಕೊಕ್ಕೆಯಿಂದ ಮೂರೂ ತಂತಿಗಳನ್ನು ಭೂಮಿಗೆ ಕಟ್ಟುತ್ತೇನೆ. ಆಮೇಲೆ ಲೈನ್ ಕ್ಲಿಯರ್ ಕೊಟ್ಟೆ ಎನ್ನುತ್ತೇನೆ. ಅಲ್ಲಿಂದಾಚೆ ಆ ಲೈನು ನನ್ನದಲ್ಲ, ಕಂಬ ಹತ್ತಿದವನದು. ಅವನು ಕೆಳಗಿಳಿದು, ಜನ ಸಾಮಾನು ಎಲ್ಲ ತೆಗೆದು, ವಾಪಸ್ ಕೊಟ್ಟೆ ಎಂದು ತಾನೇ ಹೇಳುವವರೆಗೂ ನಾನು ಅದನ್ನು ಮುಟ್ಟಬಾರದು. ತೆಗೆದುಕೊಂಡವನೇ ಕೊಡಬೇಕು. ಅವನ ಹೆಂಡತಿ ಹೇಳಿದರೂ ಆಗದು, ಸಾಹೇಬರು ಹೇಳಿದರೂ ಆಗದು.

ಇದು ನಿಯಮ. ನಡೆಯುತ್ತಿದ್ದದ್ದು ಬೇರೆ. ನಮ್ಮ ಸೆಕ್ಷನ್ನಿನಲ್ಲಿ ಎಷ್ಟೋ ವರ್ಷದಿಂದ ಮಿಸ್ ಕಾಲಿನ ಪದ್ಧತಿ ಬೆಳೆದಿತ್ತು. ಕೆಲಸ ಮುಗಿದರೆ ಲೈನ್‌ಮ್ಯಾನ್ ಉಪಕೇಂದ್ರದ ಮೊಬೈಲಿಗೆ ಎರಡು ಮಿಸ್ ಕಾಲ್ ಕೊಡುತ್ತಾನೆ. ಆಪರೇಟರ್ ಲೈನ್ ಚಾರ್ಜ್ ಮಾಡುತ್ತಾನೆ, ಅಂದರೆ ಕರೆಂಟ್ ಬಿಡುತ್ತಾನೆ. ಹೊಲದಲ್ಲಿ ನೆಟ್‌ವರ್ಕ್ ಸರಿ ಇಲ್ಲದ ಕಾಲದಲ್ಲಿ, ಕರೆನ್ಸಿ ಉಳಿಸುವ ಕಾಲದಲ್ಲಿ ಶುರುವಾದದ್ದು ಹಾಗೇ ಉಳಿದಿತ್ತು. ನಾನು ಸೇರಿದ ದಿನದಿಂದ ಒಪ್ಪಲಿಲ್ಲ. ದನಿ ಕೇಳಬೇಕು, ಅವನ ಬಾಯಲ್ಲೇ ಕೇಳಬೇಕು ಎಂದೆ. ಅದಕ್ಕೇ ನನಗೆ 'ಫಾದರ್' ಎಂದು ಹೆಸರು ಬಿತ್ತು. "ಫಾದರ್ ಮುಂದೆ ಬಾಯಿಬಿಟ್ಟು ಹೇಳಿಕೊಂಡ್ರೇನೇ ಕರೆಂಟು" ಎಂದು ನಗುತ್ತಿದ್ದರು. ನಮ್ಮ ಸಭೆಯಲ್ಲಿ ಫಾದರ್ ಇಲ್ಲ, ಪಾಸ್ಟರ್ ಇರುವುದು, ಪಾಪನಿವೇದನೆಯ ಪದ್ಧತಿಯೂ ಇಲ್ಲ. ಇದನ್ನೂ ಒಂದೆರಡು ಸಲ ಹೇಳಿ ಬಿಟ್ಟುಬಿಟ್ಟೆ.

ಆ ಹೆಸರಿಟ್ಟವನು ಗುಡ್ಡದ ಕಡೆಯ ಫೀಡರ್ ನೋಡಿಕೊಳ್ಳುವ ಲೈನ್‌ಮ್ಯಾನ್. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವನು, ಹಣೆಯಲ್ಲಿ ಯಾವಾಗಲೂ ಅಂಗೈಯಗಲ ಸಿಂಧೂರ, ಬೈಕಿನ ಹ್ಯಾಂಡಲಿಗೆ ನಿಂಬೆಹಣ್ಣು. ಕಂಬ ಹತ್ತುವುದರಲ್ಲಿ ಅವನಷ್ಟು ಚುರುಕು ಇನ್ನೊಬ್ಬರಿಲ್ಲ, ಬಾಯಿಯೂ ಅಷ್ಟೇ ಚುರುಕು. ಆ ಭಾನುವಾರ ಮಧ್ಯಾಹ್ನ ನಾನು ಪಾಳಿ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಗುಡ್ಡದ ಫೀಡರ್ ಟ್ರಿಪ್ ಆಯಿತು, ಬ್ರೇಕರ್ ತಾನಾಗಿಯೇ ಬಿತ್ತು. ಹಾಕಿದೆ, ನಿಲ್ಲಲಿಲ್ಲ. ಇನ್ನೊಮ್ಮೆ ಹಾಕಿದೆ, ಪ್ಯಾನೆಲಿನಲ್ಲಿ ಅರ್ಥ್ ಫಾಲ್ಟಿನ ಕೆಂಪು ಗುರುತು ಬಿದ್ದು ಮತ್ತೆ ಬಿತ್ತು. ಎಲ್ಲೋ ತಂತಿ ಭೂಮಿಗೆ ತಾಗುತ್ತಿದೆ ಎಂದು ಅವನಿಗೆ ತಿಳಿಸಿದೆ. ಅವನು ಲೈನಿನ ಗುಂಟ ಹುಡುಕಿಕೊಂಡು ಹೋಗಿ ಸಂಜೆಯ ಹೊತ್ತಿಗೆ ಫೋನ್ ಮಾಡಿದ.

"ಫಾದರ್, ಮೆಕ್ಕೆಜೋಳದ ಹೊಲದಾಗೆ ಒಂದು ಕಂಬದ ಪಿನ್ ಇನ್ಸುಲೇಟರಿನ ಪಿಂಗಾಣಿ ಸೀಳೈತೆ. ಲೈನ್ ಕ್ಲಿಯರ್ ಕೊಡು. ಲಗೂನ ಮುಗಿಸ್ಬೇಕು, ಊರಾಗೆ ಕಬಡ್ಡಿ ಐತೆ ಇವತ್ತು."

"ಅರ್ಥಿಂಗ್ ಸರಪಳಿ ಐತಾ ನಿನ್ನ ಹತ್ರ?"

"ಸೆಕ್ಷನ್ನಿಗೆ ಇರಾದೇ ಒಂದು. ಅದು ಬೇರೆ ಗ್ಯಾಂಗ್ ತಗಂಡು ಹೋಗೈತೆ. ನೀನು ಅಲ್ಲಿ ಕಟ್ಟಿರ್ತೀಯಲ್ಲ, ಸಾಕು ಬಿಡು."

ಸಾಲದು. ಕೆಲಸ ಮಾಡುವ ಕಂಬದ ಹತ್ತಿರವೂ ತಂತಿಯನ್ನು ಭೂಮಿಗೆ ಕಟ್ಟಿಕೊಳ್ಳಬೇಕು; ಆಗ ಇಲ್ಲಿ ನಾನು ತಪ್ಪು ಮಾಡಿದರೂ ಅಲ್ಲಿ ಅವನು ಉಳಿಯುತ್ತಾನೆ. ಆ ಸರಪಳಿ ಇಲ್ಲವೆಂದರೆ ಅವನ ಜೀವ ಪೂರ್ತಿ ನನ್ನ ಕೈಯಲ್ಲಿದೆ ಎಂದರ್ಥ. ಇಡೀ ಸೆಕ್ಷನ್ನಿಗೆ ಒಂದೇ ಸರಪಳಿ. ಅಂಗಳದ ಐಸೋಲೇಟರ್ ಹ್ಯಾಂಡಲಿಗೆ ಹಾಕುವ ಬೀಗವೂ ಕಳೆದುಹೋಗಿ ಎಷ್ಟೋ ದಿನವಾಗಿತ್ತು. ಕೇಳಿದಾಗಲೆಲ್ಲ ಬರುತ್ತದೆ ಅನ್ನುತ್ತಿದ್ದರು. ನಾನು ಬೈದುಕೊಳ್ಳುತ್ತಲೇ ಎಲ್ಲ ತೆಗೆದು, ಬಿಚ್ಚಿ, ಕಟ್ಟಿ, ಪ್ಯಾನೆಲಿಗೆ 'ಕೆಲಸ ನಡೆಯುತ್ತಿದೆ' ಬೋರ್ಡು ನೇತುಹಾಕಿ ಲೈನ್ ಕ್ಲಿಯರ್ ಕೊಟ್ಟೆ.

ಕಬಡ್ಡಿ ಎಂದನಲ್ಲ, ಅದು ಆ ಊರಿನ ಗಣಪತಿ ಸಮಿತಿಯವರು ಪ್ರತಿ ವರ್ಷ ಮಾಡಿಸುವ ಹೊನಲು ಬೆಳಕಿನ ಪಂದ್ಯಾವಳಿ. ಅಂಕಣದ ಸುತ್ತ ದೊಡ್ಡ ದೊಡ್ಡ ಲೈಟು, ನಾಲ್ಕೂ ಕಡೆ ಜನ, ಅತಿಥಿಗಳು, ಸನ್ಮಾನ. ಲೈಟಿಗೆಲ್ಲ ನಮ್ಮ ಕರೆಂಟೇ ಬೇಕು. ಅವರ ಹತ್ತಿರ ಇದ್ದ ಜನರೇಟರ್ ಮೈಕಿಗೆ, ಗಣಪತಿಯ ಮುಂದಿನ ಬಲ್ಬಿಗೆ ಅಷ್ಟೇ ಸಾಕಾಗುತ್ತಿತ್ತು. ಕತ್ತಲಾಗುತ್ತಿದ್ದಂತೆ ಉಪಕೇಂದ್ರದ ಮೊಬೈಲ್ ಬಡಿದುಕೊಳ್ಳಲು ಶುರುವಾಯಿತು. ಯಾವಾಗ ಬರುತ್ತೆ, ಎಷ್ಟೊತ್ತು, ಬೇಕಂತಲೇ ತೆಗೆದಿದೀರಾ. ಮೊದಮೊದಲು ಉತ್ತರ ಕೊಟ್ಟೆ. ಆಮೇಲೆ ಎತ್ತುವುದನ್ನೇ ಬಿಟ್ಟು, ಲೈನ್‌ಮ್ಯಾನ್ ನಂಬರ್ ಬಂದರೆ ಮಾತ್ರ ಎತ್ತಬೇಕೆಂದು ಪರದೆ ನೋಡುತ್ತ ಕೂತೆ. ಎಲ್ಲ ಆಪರೇಟರ್‌ಗಳೂ ಇದನ್ನೇ ಮಾಡುವುದು, ಇದು ಊರವರಿಗೂ ಗೊತ್ತು.

ಅಷ್ಟರಲ್ಲಿ ನನ್ನ ಸ್ವಂತ ಫೋನಿಗೆ ಸೆಕ್ಷನ್ ಇಂಜಿನಿಯರ್ ಮಾಡಿದರು. ಅತಿಥಿಗಳು ಬಂದು ಕೂತಿದ್ದಾರೆ, ಮೇಲಿನಿಂದ ಒತ್ತಡ ಬರುತ್ತಿದೆ ಎಂದರು. ಲೈನ್ ಕ್ಲಿಯರ್ ವಾಪಸ್ ಬಂದಿಲ್ಲ ಸಾರ್ ಎಂದೆ. ನಾವು ಮಾತಾಡುತ್ತಿರುವಾಗಲೇ ಮೇಜಿನ ಮೇಲಿದ್ದ ಉಪಕೇಂದ್ರದ ಮೊಬೈಲ್ ಒಮ್ಮೆ ಅರ್ಧ ರಿಂಗಾಗಿ ನಿಂತಿತು. ಮತ್ತೊಮ್ಮೆ ರಿಂಗಾಯಿತು. ಕೈ ಚಾಚುವಷ್ಟರಲ್ಲಿ ಅದೂ ನಿಂತಿತು. ನೋಡಿದರೆ ಗುಡ್ಡದ ಫೀಡರಿನ ಲೈನ್‌ಮ್ಯಾನ್ ನಂಬರ್. ಎರಡು ಮಿಸ್ ಕಾಲ್.

"ಏನದು?" ಎಂದರು ಇಂಜಿನಿಯರ್.

ಹೇಳಿದೆ. ಹೇಳಬಾರದಿತ್ತೇನೋ, ಆದರೆ ಸುಳ್ಳು ಹೇಳುವ ಯೋಚನೆ ಆ ಕ್ಷಣ ಬರಲಿಲ್ಲ.

"ಮುಗೀತಲ್ಲ, ಹಂಗಾದ್ರೆ ಚಾರ್ಜ್ ಮಾಡು."

"ಮಾತಾಡಿಲ್ಲ ಸಾರ್ ಅವನ ಹತ್ರ. ವಾಪಸ್ ಮಾಡಿ ಕೇಳ್ತೀನಿ."

ಮಾಡಿದೆ. ಸಂಪರ್ಕ ವ್ಯಾಪ್ತಿಯ ಹೊರಗೆ. ಮತ್ತೆ ಮಾಡಿದೆ, ಅದೇ ಹೆಂಗಸಿನ ದನಿ ಅದನ್ನೇ ಹೇಳಿತು. ಅವನ ಜೊತೆಗಿದ್ದ ಸಹಾಯಕನಿಗೆ ಮಾಡಿದೆ. ಅವನು ಹೊಸ ಇನ್ಸುಲೇಟರ್ ತರಲು ಸೆಕ್ಷನ್ ಆಫೀಸಿಗೆ ಹೋಗಿ, ತಂದುಕೊಟ್ಟು, ಅಲ್ಲಿಂದ ತನ್ನ ಊರಿನ ಗಣಪತಿಗೆ ಹೊರಟುಹೋಗಿದ್ದ. "ನಾನು ಬರೋವಾಗ ಇನ್ನೂ ಕಂಬದ ಬುಡದಾಗೇ ಇದ್ದ. ಈಗ ಮುಗಿಸಿರಬಹುದು ನೋಡ್ರಿ" ಎಂದ. ಮುಗಿಸಿರಬಹುದು. ಈ ಒಂದು ಮಾತಿನ ಮೇಲೆ ಹನ್ನೊಂದು ಸಾವಿರ ವೋಲ್ಟು ಬಿಡಬೇಕಂತೆ.

ಇಂಜಿನಿಯರ್ ಮತ್ತೆ ಮಾಡಿದರು. ಈ ಸಲ ದನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ಉರಿಸಿದ್ದು.

"ನೋಡಪ್ಪ, ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಇದು ಗಣಪತಿ ಕಾರ್ಯಕ್ರಮ. ನೀನು ಆ ಕಡೆಯೋನು. ಬೇರೆ ಯಾರೇ ಆಗಿದ್ರೂ ತಡ ಆಯ್ತು ಅಂತಿದ್ರು ಅಷ್ಟೇ. ನಿನ್ನ ಪಾಳಿಯಾಗೆ ಆದ್ರೆ ಜನ ಬೇರೆ ಥರ ಮಾತಾಡ್ತಾರೆ. ನಾಳೆ ನಾನೂ ನಿನ್ನ ಉಳಿಸ್ಕೊಳ್ಳಾಕೆ ಆಗಲ್ಲ."

"ಬರೆದು ಕಳಿಸಿ ಸಾರ್. ಲೈನ್‌ಮ್ಯಾನ್ ಮಾತಾಡದೇ ಇದ್ರೂ ಚಾರ್ಜ್ ಮಾಡು ಅಂತ ಒಂದು ಮೆಸೇಜ್ ಹಾಕಿ. ಮಾಡ್ತೀನಿ."

ಫೋನ್ ಇಟ್ಟರು. ಮೆಸೇಜ್ ಬರಲಿಲ್ಲ.

ಹೇಳಿದೆನೇ ಹೊರತು, ಬಂದಿದ್ದರೂ ನಾನು ಮಾಡುತ್ತಿರಲಿಲ್ಲ. ಆ ಹೊತ್ತಿನ ನನ್ನ ಸಿಟ್ಟನ್ನು ಹೇಗೆ ಹೇಳಲಿ? ನಾನು ಓದಿದ್ದು ಐಟಿಐ, ಕಲಿತಿದ್ದು ಈ ಪ್ಯಾನೆಲ್, ಅಲ್ಲಿ ಕೂತಿದ್ದು ಆಪರೇಟರ್ ಆಗಿ. ಪಾಳಿ ಬದಲಿಸುವಾಗ ನಾನು ಕ್ರಿಶ್ಚಿಯನ್, ಕರೆಂಟ್ ತಡವಾದರೆ ನಾನು ಕ್ರಿಶ್ಚಿಯನ್. ಬ್ರೇಕರ್‌ಗೆ ಎಣ್ಣೆ ಬಟ್ಟೆ ಹಿಡಿದು ಒರೆಸುವಾಗ ಮಾತ್ರ ಯಾರಿಗೂ ನನ್ನ ಮತ ನೆನಪಿಗೆ ಬರುವುದಿಲ್ಲ. ಪ್ರಾರ್ಥನೆ ಮಾಡಿದೆ. ಚರ್ಚಿನಲ್ಲಿ ಮಾಡುವಂಥದ್ದಲ್ಲ. ದೇವರೇ, ನಿನ್ನಿಂದಾಗಿ ಇವರೆಲ್ಲರ ಹತ್ತಿರ ಮಾತು ಕೇಳುತ್ತಿದ್ದೇನೆ, ಈಗ ಒಂದು ನೆಟ್‌ವರ್ಕ್ ಆದರೂ ಕೊಡು, ಅವನ ಫೋನ್ ಸಿಗಲಿ ಎಂದೆ. ಮತ್ತೆ ಡಯಲ್ ಮಾಡಿದೆ. ವ್ಯಾಪ್ತಿಯ ಹೊರಗೆ. ದೇವರ ಮೇಲೂ ಸಿಟ್ಟು ಬಂತು, ಮುಚ್ಚಿಡುವುದೇನು. ಕಂಬದ ಹತ್ತಿರ ಹೋಗಿ ನೋಡಿ ಬರೋಣವೆಂದರೆ ಉಪಕೇಂದ್ರ ಬಿಟ್ಟು ಒಂದು ಹೆಜ್ಜೆ ಆಚೆ ಇಡುವ ಹಾಗಿಲ್ಲ, ಪಾಳಿಯಲ್ಲಿ ನಾನೊಬ್ಬನೇ.

ಇಂಜಿನಿಯರ್ ಸುಮ್ಮನಾಗುವವರಲ್ಲ. ನಾನು ಮಾಡದಿದ್ದರೆ ಇನ್ನೊಬ್ಬನನ್ನು ಕಳಿಸಿ ಮಾಡಿಸುತ್ತಾರೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಎದ್ದೆ. ರೂಮಿನಿಂದ ಓಡಾಡುವ ನನ್ನ ಸೈಕಲ್ಲಿನ ಚಕ್ರಕ್ಕೆ ಹಾಕುವ ದಪ್ಪ ಚೈನ್ ಲಾಕ್ ತೆಗೆದುಕೊಂಡು ಅಂಗಳಕ್ಕೆ ಹೋಗಿ ಐಸೋಲೇಟರ್ ಹ್ಯಾಂಡಲನ್ನು ಕಂಬಕ್ಕೆ ಸುತ್ತಿ ಬೀಗ ಹಾಕಿದೆ. ಕೀಯನ್ನು ಕಾಲ್ಚೀಲದೊಳಗೆ ಇಟ್ಟುಕೊಂಡು ಶೂ ಕಟ್ಟಿದೆ. ಇಲಾಖೆಯ ಸ್ವಿಚ್ಚಿಗೆ ಸ್ವಂತ ಬೀಗ ಹಾಕುವುದು ಕೆಲಸ ಕಳೆದುಕೊಳ್ಳುವ ವಿಷಯ. ಗುತ್ತಿಗೆದಾರನಿಗೆ ಒಂದು ಫೋನ್ ಸಾಕು. ಆದರೂ ಬೀಗ ಕಚ್ಚಿಕೊಂಡಿದೆಯೇ ಎಂದು ಎರಡು ಸಲ ಎಳೆದು ನೋಡಿಯೇ ಒಳಗೆ ಬಂದೆ.

ಸ್ವಲ್ಪ ಹೊತ್ತಿಗೆ ಬಂದವನು ನನಗೆ ಪಾಳಿ ಹೊರಿಸಿದ್ದ ಅದೇ ಜೊತೆಗಾರ. ಮೈಯೆಲ್ಲ ಬಣ್ಣ, ತಲೆಯಲ್ಲಿ ಕಾಗದದ ಚೂರು. ಇಂಜಿನಿಯರ್ ಅವನನ್ನು ಮೆರವಣಿಗೆಯಿಂದ ಬಿಡಿಸಿ ಕಳಿಸಿದ್ದರು.

"ನಾನೇ ಚಾರ್ಜ್ ಮಾಡ್ಬೇಕಂತೆ. ಸರಿ ಮಾರಾಯ," ಎಂದ. ಪ್ಯಾನೆಲ್ ಕಡೆ ನಡೆದ.

"ಮಾಡು. ಅದಕ್ಕೆ ಮುಂಚೆ ಲೈನ್ ಕ್ಲಿಯರ್ ವಾಪಸ್ ತಗಂಡೋನು ನಾನು ಅಂತ ಪಾಳಿ ಪುಸ್ತಕದಾಗೆ ನಿನ್ನ ಹೆಸರು ಬರಿ. ನಾನು ಈಗಲೇ ಮನೆಗೆ ಹೋಗ್ತೀನಿ."

ಅವನು ಪೆನ್ನು ಮುಟ್ಟಲಿಲ್ಲ. "ಎರಡು ಕಾಲ್ ಬಂದಿದ್ವಂತಲ್ಲ" ಎಂದ. ದನಿ ಸಣ್ಣದಾಗಿತ್ತು.

"ಬಂದಿದ್ವು. ಕೊಟ್ಟೋನು ಅವನೇ ಅಂತ ನೀನು ನೋಡಿದೀಯಾ?"

ಅವನು ಕುರ್ಚಿ ಎಳೆದುಕೊಂಡು ಕೂತ. ಅವನ ಅಣ್ಣನೂ ಎಲ್ಲೋ ಲೈನ್ ಕೆಲಸದಲ್ಲಿರುವವನೇ. "ನನ್ನ ಯಾಕೆ ಕಳಿಸಿದ್ರು ಇಲ್ಲಿಗೆ" ಎಂದು ತನ್ನಷ್ಟಕ್ಕೇ ಅಂದುಕೊಂಡ. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು, ಇನ್ನರ್ಧ ಈಗಲೂ ಇದೆ.

ಆಮೇಲೆ ಗೇಟಿನ ಹತ್ತಿರ ಬೈಕುಗಳ ಸದ್ದು. ಹದಿನೈದಿಪ್ಪತ್ತು ಜನ ಇದ್ದಿರಬೇಕು. ಎಲ್ಲರ ಕೊರಳಲ್ಲೂ ಕೇಸರಿ ಶಾಲು. ಹುಡುಗರ ಹಿಂದೆ ಗಣಪತಿ ಸಮಿತಿಯ ಮುಖಂಡ, ಮಧ್ಯವಯಸ್ಸಿನವನು, ನ್ಯಾಮತಿಯಲ್ಲಿ ಗೊಬ್ಬರದಂಗಡಿ ಇಟ್ಟವನು. ಅವನನ್ನು ನಾನು ಬಲ್ಲೆ. ಒಳ್ಳೆಯ ಮನುಷ್ಯ ಅಂತಲೇ ಬಲ್ಲೆ. ಗೇಟಿಗೆ ಒಳಗಿನಿಂದ ಬೀಗ ಹಾಕಿ ಈಚೆ ನಿಂತೆ.

"ಬೇರೆ ಯಾವ ಹಬ್ಬಕ್ಕೆ ತೆಗೀತೀರೋ ಕರೆಂಟು, ನಮ್ಮದಕ್ಕೊಂದೇನಾ?" ಎಂದಿತು ಹಿಂದಿನಿಂದ ಒಂದು ದನಿ. ಇನ್ನೊಬ್ಬ, "ಇವನಾ? ಇವನು ಕೊಡ್ತಾನಾ ನಮ್ಮ ಗಣಪತಿಗೆ" ಎಂದ. ಯಾರೋ ಯೇಸುವಿನ ಹೆಸರು ಹಿಡಿದು ನಕ್ಕರು. ನಾನು ತಿರುಗಿಸಿ ಏನಾದರೂ ಅಂದಿದ್ದರೆ ಅವತ್ತು ಅಲ್ಲಿ ಬೇರೆಯದೇ ಸುದ್ದಿ ಆಗುತ್ತಿತ್ತು. ಅನ್ನಲಿಲ್ಲ. ಒಳ್ಳೆಯತನದಿಂದಲ್ಲ, ಅಂದರೆ ಗೇಟು ಹಾರುತ್ತಾರೆ, ಹಾರಿದರೆ ಬ್ರೇಕರ್ ಹತ್ತಿರ ಹೋಗುತ್ತಾರೆ ಎಂಬ ಲೆಕ್ಕದಿಂದ.

"ನಿಮ್ಮೂರ ಲೈನ್‌ಮ್ಯಾನ್ ಕಂಬದ ಮೇಲಿದಾನೋ ಕೆಳಗಿದಾನೋ ಗೊತ್ತಿಲ್ಲ. ಅವನ ಫೋನ್ ಸಿಗ್ತಿಲ್ಲ. ಅವನು ಹೇಳಿದ್ರೆ ಕೊಡ್ತೀನಿ" ಎಂದೆ.

ಮುಖಂಡನಿಗೆ ಈಗ ನಿಜವಾಗಿ ಸಿಟ್ಟು ಬಂತು. "ಸುಳ್ಳು ಯಾಕ್ರೀ ಹೇಳ್ತೀರಿ? ಫೋನ್ ಸಿಗ್ತಿಲ್ಲ ಅಂತೀರಿ, ಮಾಡಿದ್ರೆ ನೀವೇ ಎತ್ತಲ್ಲ. ನಮ್ಮ ನಂಬರಿಂದ ಎಷ್ಟು ಸಲ ಮಾಡಿದ್ರೂ ಎತ್ತಲಿಲ್ಲ. ಲೈನ್‌ಮ್ಯಾನ್ ನಂಬರ್ ಆದ್ರೆ ಎತ್ತೀರಿ ಅಂತ ಅವನ ಫೋನಿಂದಾನೇ ಎರಡು ಸಲ ಮಾಡಿದೆ. ಲೈನ್ ಕಟ್ ಆಗ್ತಾನೇ ಇತ್ತು."

ಗೇಟಿನ ಹತ್ತಿರಕ್ಕೆ ಸರಿದು ಕೇಳಿದೆ.

"ಅವನ ಫೋನ್ ನಿಮ್ಮ ಹತ್ರ ಹೆಂಗ್ ಬಂತು?"

"ಹೊಸ ಇನ್ಸುಲೇಟರ್ ಬರೋವಷ್ಟ್ರಾಗೆ ಊರಿಗೆ ಬಂದು, ಚಾರ್ಜ್ ಇಲ್ಲ ಅಂತ ನಮ್ಮ ಪೆಂಡಾಲಿನ ಜನರೇಟರಿಗೆ ಹಾಕಿ ಹೋದ. ಅದ್ರಾಗೆ ನಿಮ್ಮ ನಂಬರ್ ಮೇಲೇ ಇತ್ತು." ಜೇಬಿನಿಂದ ತೆಗೆದು ತೋರಿಸಿದ. ಬೆನ್ನಿಗೆ ಆಂಜನೇಯನ ಚಿತ್ರ ಅಂಟಿಸಿದ್ದ ಫೋನು. ನೆಟ್‌ವರ್ಕಿನ ಗೆರೆ ಬರುತ್ತಿತ್ತು, ಹೋಗುತ್ತಿತ್ತು.

ನನ್ನ ಪಕ್ಕದಲ್ಲಿ ಬಂದು ನಿಂತಿದ್ದ ಜೊತೆಗಾರ ಗೇಟಿನ ಸರಳು ಹಿಡಿದುಕೊಂಡ. "ಎರಡು ಮಿಸ್ ಕಾಲ್ ಅಂದ್ರೆ ನಮ್ಮಲ್ಲಿ ಏನರ್ಥ ಗೊತ್ತೇನ್ರೀ ನಿಮಗೆ?" ಎಂದ. "ಕೆಲ್ಸ ಮುಗೀತು, ಕರೆಂಟ್ ಬಿಡು ಅಂತ. ನಾನಾಗಿದ್ರೆ ಬಿಟ್ಟಿರ್ತಿದ್ದೆ."

ಗೊಬ್ಬರದಂಗಡಿಯವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. ಫೋನನ್ನು ಜೇಬಿಗೆ ಹಾಕಲೂ ಆಗದೆ ಕೈಯಲ್ಲಿ ಹಿಡಿಯಲೂ ಆಗದೆ ನಿಂತ. ಆಮೇಲೆ ತಾನೇ ಬೈಕ್ ತಿರುಗಿಸಿ, ಮೆಕ್ಕೆಜೋಳದ ಹೊಲದ ಕಡೆ ಹೊರಟುಹೋದ. ಉಳಿದವರು ಗೇಟಿನ ಆಚೆ ನಿಂತರು, ನಾವಿಬ್ಬರು ಈಚೆ ನಿಂತೆವು. ಯೇಸುವಿನ ಹೆಸರು ಹಿಡಿದು ನಕ್ಕವನು ಯಾರು ಎಂದು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ನೆಲ ನೋಡುತ್ತಿದ್ದರು.

ಲೈನ್‌ಮ್ಯಾನ್ ಬೈಕಿನ ಹಿಂದೆ ಕೂತು ಬಂದ. ಕಂಬ ಹತ್ತುವ ಬೆಲ್ಟು ಇನ್ನೂ ಸೊಂಟದಲ್ಲೇ ಇತ್ತು. ಅವನಿಗೆ ದಾರಿಯಲ್ಲೇ ವಿಷಯ ಗೊತ್ತಾಗಿತ್ತು. ಹೊಸ ಇನ್ಸುಲೇಟರ್ ಕೂರಿಸಿ, ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು, ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಬೈಂಡಿಂಗ್ ಸುತ್ತುತ್ತಿದ್ದನಂತೆ ಅವನು. ಮುಖಂಡ ಕೆಳಗಿನಿಂದ ಕೂಗಿದಾಗ ಏನು ಅವಸರ ನಿಮಗೆ ಎಂದು ಬೈದನಂತೆ. ಉಳಿದಿದ್ದ ಸುತ್ತು ಮುಗಿಸಿಯೇ ಇಳಿದನಂತೆ. ನನ್ನ ಎದುರು ನಿಂತು, ತಮಾಷೆಯ ಒಂದು ಗುರುತೂ ಇಲ್ಲದೆ, ತನ್ನ ಪೂರ್ತಿ ಹೆಸರು ಹೇಳಿ, "ಗುಡ್ಡದ ಫೀಡರ್ ಲೈನ್ ಕ್ಲಿಯರ್ ವಾಪಸ್ ಕೊಟ್ಟೆ. ಜನ, ಸಾಮಾನು ಎಲ್ಲ ತೆಗೆದೀವಿ" ಎಂದ. ನಾನೂ ಅಷ್ಟೇ ಗಂಭೀರವಾಗಿ ವಾಪಸ್ ತಗೊಂಡೆ ಎಂದೆ. ಶೂ ಬಿಚ್ಚಿ ಕೀ ತೆಗೆದೆ. ಭೂಮಿಗೆ ಕಟ್ಟಿದ್ದನ್ನು ಬಿಚ್ಚಿ, ಐಸೋಲೇಟರ್ ಹಾಕಿ, ಟ್ರಾಲಿ ತಳ್ಳಿ, ಬ್ರೇಕರ್ ಹಾಕಿದೆ. ಈ ಸಲ ಬೀಳಲಿಲ್ಲ. ನಿಂತಿತು. ಮೀಟರಿನ ಮುಳ್ಳು ಎದ್ದಿತು. ಗುಡ್ಡದ ಕೆಳಗೆ ಊರು ಬೆಳಗಿತು. ಬೈಕುಗಳು ಕಬಡ್ಡಿಗೆ ಹೊರಟುಹೋದವು. ಒಬ್ಬನಾದರೂ ತಪ್ಪಾಯಿತು ಅನ್ನಲಿಲ್ಲ.

ಇಂಜಿನಿಯರ್ ಆ ರಾತ್ರಿ ಫೋನ್ ಮಾಡಲಿಲ್ಲ. ಮರುದಿನ ಗ್ರೂಪಿನಲ್ಲಿ 'ಸುರಕ್ಷತೆಯೇ ಮೊದಲು, ಎಲ್ಲ ಸಿಬ್ಬಂದಿ ನಿಯಮ ಪಾಲಿಸತಕ್ಕದ್ದು' ಎಂದು ಹಾಕಿದರು. ಎಲ್ಲರೂ ಹೆಬ್ಬೆರಳು ಒತ್ತಿದರು. ನಾನು ಒತ್ತಲಿಲ್ಲ.

ಲೈನ್‌ಮ್ಯಾನ್ ಮಾತ್ರ ಬಂದ. ಬೆಳಿಗ್ಗೆಯೇ ನನ್ನ ರೂಮಿನ ಬಾಗಿಲಿಗೆ. ಕೈಯಲ್ಲಿ ಒಡೆದ ತೆಂಗಿನಕಾಯಿಯ ಒಂದು ಹೋಳು.

"ಆಂಜನೇಯನ ಗುಡಿಯಾಗೆ ನಿನ್ನ ಹೆಸರಿನ ಮೇಲೆ ಒಡೆಸಿದೆ. ಪೂಜಾರಿ ನಕ್ಷತ್ರ ಕೇಳಿದ. ಇವನಿಗೆ ನಕ್ಷತ್ರ ಇಲ್ಲ, ಸುಮ್ನೆ ಒಡಿ ಅಂದೆ. ತಿಂತೀಯೋ ಬಿಡ್ತೀಯೋ ಗೊತ್ತಿಲ್ಲ ನನಗೆ. ನನ್ನ ಹೆಂಡ್ತಿ ಕೊಟ್ಟು ಬಾ ಅಂದ್ಲು."

ನಮ್ಮ ಪಾಸ್ಟರ್ ಇಂಥದ್ದನ್ನು ಮುಟ್ಟಬಾರದು ಅನ್ನುತ್ತಾರೆ. ತೆಗೆದುಕೊಂಡೆ. ಹಸಿಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬಿ, ತಿನ್ನುವ ಮುಂಚೆ ಯಾವಾಗಲೂ ಮಾಡುವ ಹಾಗೆ ಕಣ್ಣುಮುಚ್ಚಿ ವಂದನೆ ಹೇಳಿ ತಿಂದೆ. ಇದರಿಂದ ನನ್ನ ವಿಶ್ವಾಸ ಎಷ್ಟು ಸವೆಯಿತೋ ನನಗೆ ಗೊತ್ತಿಲ್ಲ. ಎಷ್ಟೋ ದಿನದಲ್ಲಿ ಮನಸ್ಸಿಟ್ಟು ಹೇಳಿದ ಊಟದ ಪ್ರಾರ್ಥನೆ ಅದೊಂದೇ.

ಪಾಸ್ಟರ್‌ಗೂ ಹೇಗೋ ಸುದ್ದಿ ಮುಟ್ಟಿತು. ಮುಂದಿನ ಭಾನುವಾರ 'ಸಾಕ್ಷಿ' ಹೇಳಬೇಕು ಎಂದರು. ನಮ್ಮಲ್ಲಿ ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ಹಾಗನ್ನುತ್ತಾರೆ. "ಚಾರ್ಜ್ ಮಾಡಬೇಡ ಅಂತ ಪವಿತ್ರಾತ್ಮ ನಿನ್ನನ್ನ ತಡೆದಿದ್ದು ಅದು. ಅದನ್ನ ಹೇಳು, ಎಷ್ಟೋ ಜನಕ್ಕೆ ಬಲ ಬರುತ್ತೆ" ಎಂದರು.

"ಯಾರೂ ತಡೀಲಿಲ್ಲ ಅಯ್ಯನವರೇ. ನಿಯಮ ಅದು. ಹಿಂದೆ ಸತ್ತೋರಿಂದ ಬಂದಿರೋ ನಿಯಮ. ದೇವರ ಹತ್ರ ನಾನು ಕೇಳಿದ್ದು ನೆಟ್‌ವರ್ಕು, ಕೊಡಲಿಲ್ಲ."

"ಕೊಟ್ಟಿದ್ರೆ ಏನಾಗ್ತಿತ್ತು? ಆ ಫೋನ್ ಬೇರೆಯವರ ಕೈಲಿತ್ತಲ್ಲ, ಕರೆಂಟ್ ಬಿಡು ಅಂತ ಅವರೇ ಹೇಳ್ತಿದ್ರು" ಎಂದರು ಪಾಸ್ಟರ್, ಗೆದ್ದವರ ಹಾಗೆ.

ಅವರು ಹೇಳಿದ್ದು ನಿಜವೇ. ಆದರೂ ಹೇಳಿದೆ. "ಆ ದಿನ ನಾನು ಆರಾಧನೆ ಬಿಟ್ಟು ಹೋಗಿದ್ದಕ್ಕೆ ನೀವು ಬೇಜಾರಾದ್ರಿ. ಹೋಗದೇ ಇದ್ದಿದ್ರೆ ಆ ಮನುಷ್ಯ ಇರ್ತಿರಲಿಲ್ಲ. ಇದನ್ನೂ ಸಾಕ್ಷಿಯಾಗೆ ಹೇಳ್ಲಾ?" ಅವರು ನೋಡೋಣ ಎಂದರು. ಆ ಭಾನುವಾರ ನನ್ನನ್ನು ಕರೆಯಲಿಲ್ಲ.

ತಿಂಗಳು ತುಂಬುವ ಮೊದಲೇ ಗುತ್ತಿಗೆದಾರನಿಂದ ಫೋನ್ ಬಂತು. ನನ್ನನ್ನು ಜಗಳೂರು ಕಡೆಯ ಒಂದು ಉಪಕೇಂದ್ರಕ್ಕೆ ಹಾಕಲಾಗಿದೆ. ಶಿಕ್ಷೆ ಅಲ್ಲವಂತೆ, ನನ್ನ ಒಳ್ಳೆಯದಕ್ಕೇ ಅಂತೆ, ಊರವರ ಮನಸ್ಸು ಕಹಿಯಾಗಿದೆಯಂತೆ. ಊರವರ ಮನಸ್ಸು. ಬದುಕಿ ಉಳಿದವನೂ ಅದೇ ಊರವನು, ಅವನ ಮನಸ್ಸನ್ನು ಯಾರೂ ಕೇಳಲಿಲ್ಲ. ಕೆಲಸ ಹೋಗಲಿಲ್ಲವಲ್ಲ ಎಂದು ಅಮ್ಮ ಸಮಾಧಾನಪಟ್ಟಳು. ನಾನು ಪಡಲಿಲ್ಲ. ಚನ್ನಗಿರಿಯಿಂದ ಜಗಳೂರಿಗೆ ಬಸ್ಸು ಬದಲಿಸಿ ಬದಲಿಸಿ ಹೋಗುವಾಗ ದಾರಿಯುದ್ದಕ್ಕೂ ಇಂಜಿನಿಯರಿಗೆ ಹೇಳಬೇಕಾಗಿದ್ದ ಮಾತುಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತ ಹೋದೆ.

ಅಲ್ಲಿ ನನ್ನ ಮೊದಲ ಪಾಳಿ. ನನಗೆ ಕೆಲಸ ಒಪ್ಪಿಸುತ್ತಿದ್ದ ಹಳೆಯ ಆಪರೇಟರ್ ಇನ್ನೂ ಹೊರಟಿರಲಿಲ್ಲ. ಬಿಳಿಚೋಡು ಕಡೆಯ ಫೀಡರಿಗೆ ಲೈನ್ ಕ್ಲಿಯರ್ ಕೇಳಲು ಒಬ್ಬ ಲೈನ್‌ಮ್ಯಾನ್ ಉಪಕೇಂದ್ರಕ್ಕೇ ಬಂದ. ವಯಸ್ಸಾದವನು, ಒಂದು ಕಿವಿಯ ಹತ್ತಿರ ಸುಟ್ಟ ಕಲೆ. ಒಂದು ಕೈಯಲ್ಲಿ ಫೋನಿತ್ತು, ಯಾವುದೋ ನಂಬರ್ ಹುಡುಕುತ್ತಿದ್ದ.

"ಇವ್ರೇ ರೀ, ನ್ಯಾಮತಿಯಿಂದ ಬಂದಿರೋ ಕ್ರಿಶ್ಚಿಯನ್ನು" ಎಂದು ಹಳೆಯ ಆಪರೇಟರ್ ನನ್ನನ್ನು ಪರಿಚಯಿಸಿದ. "ದನಿ ಕೇಳ್ದೆ ಲೈನ್ ಚಾರ್ಜ್ ಮಾಡಲ್ವಂತೆ. ಯಾರು ಹೇಳಿದ್ರೂ ಮಾಡಲ್ವಂತೆ."

ಆ ಕ್ರಿಶ್ಚಿಯನ್ ಮಾತು ಇಲ್ಲಿಗೂ ಬಂತಲ್ಲ ಎಂದು ಹಲ್ಲು ಕಚ್ಚಿದೆ. ಹೋಗಿ ಬ್ರೇಕರ್ ತೆಗೆದೆ, ಬಿಚ್ಚಿದೆ, ಕಟ್ಟಿದೆ, ಬಂದು ಲೈನ್ ಕ್ಲಿಯರ್ ಕೊಟ್ಟೆ ಎಂದೆ. ಆ ಲೈನ್‌ಮ್ಯಾನ್ ನನ್ನನ್ನೇ ನೋಡುತ್ತ ನಿಂತಿದ್ದ.

"ನಾನು ಕಂಬ ಹತ್ತೋ ಮುಂಚೆ ಮನೆಗೆ ಒಂದು ಫೋನ್ ಮಾಡ್ತೀನಿ ಸಾರ್, ಪ್ರತಿ ಸಲ" ಎಂದ. "ಏನಿಲ್ಲ, ಊಟ ಆಯ್ತಾ ಅಂತ ಕೇಳ್ತೀನಿ ಅಷ್ಟೇ. ಯಾಕೆ ಕೇಳ್ತೀನಿ ಅಂತ ಅವಳಿಗೂ ಗೊತ್ತು." ಫೋನನ್ನು ಜೇಬಿಗೆ ಹಾಕಿಕೊಂಡ. "ಇವತ್ತು ಇಳಿದ ಮೇಲೆ ಮಾಡ್ತೀನಿ."